ಮಾವೋರಿ ಸೀಟುಗಳಿಗೆ ‘ಮೀಸಲು ಕ್ಷೇತ್ರ’ ಅನ್ನಬಹುದಾ?

ಎಲ್ಲರಿಗೂ ನಮಸ್ಕಾರ,

ನ್ಯೂಜಿಲೆಂಡ್ ಸಂಸತ್ತಿನ ಬಗ್ಗೆ ಸಣ್ಣ ಲೇಖನ ಬರೆಯುತ್ತಿದ್ದೇನೆ, ಒಂದು ಪದದ ಹತ್ತಿರ ಸಿಕ್ಕಿಕೊಂಡಿದ್ದೇನೆ. ಅಲ್ಲಿನ ಮೂಲನಿವಾಸಿ ಮಾವೋರಿಗಳಿಗೆ 1867ರ ಕಾಯ್ದೆಯಲ್ಲಿ ನಾಲ್ಕು ಸೀಟು ಕೊಟ್ಟರು, ಈಗ ಏಳಿವೆ. ಇವಕ್ಕೆ ಕನ್ನಡದಲ್ಲಿ ಏನನ್ನಬೇಕು?

ಥಟ್ಟನೆ ಬಾಯಿಗೆ ಬರುವುದು ‘ಮೀಸಲು ಕ್ಷೇತ್ರ’. ಆದರೆ ಹಾಗಂದ ಕೂಡಲೇ ಓದುವವರ ತಲೆಗೆ ಬರುವುದು ಮೊಳಕಾಲ್ಮೂರಿನಂಥ ಕ್ಷೇತ್ರ, ಅಲ್ವಾ? ಅಲ್ಲಿ ಚುನಾವಣೆಗೆ ನಿಲ್ಲುವವರು ಪರಿಶಿಷ್ಟ ಪಂಗಡದವರೇ ಆಗಿರಬೇಕು, ಓಟು ಹಾಕುವವರು ಮಾತ್ರ ಎಲ್ಲರೂ. ಮಾವೋರಿ ಸೀಟಿನಲ್ಲಿ ಇದು ಪೂರ್ತಿ ಉಲ್ಟಾ. ಮಾವೋರಿ ಪಟ್ಟಿಯಲ್ಲಿ ಹೆಸರು ಬರೆಸಿದವರಿಗಷ್ಟೇ ಓಟು, ಆ ಪಟ್ಟಿಗೆ ಸೇರುವುದೋ ಸಾಮಾನ್ಯ ಪಟ್ಟಿಯಲ್ಲಿ ಇರುವುದೋ ಮಾವೋರಿ ಮೂಲದವರ ಇಷ್ಟ, ಇನ್ನು ಅಭ್ಯರ್ಥಿ ಮಾವೋರಿಯೇ ಆಗಿರಬೇಕು ಅಂತ ಕಾನೂನೇ ಇಲ್ಲ. ನಮ್ಮಲ್ಲಿ ನಿಲ್ಲುವುದಕ್ಕೆ ಮೀಸಲು, ಅಲ್ಲಿ ಓಟು ಹಾಕುವುದಕ್ಕೆ. ಒಂದೇ ಪದ ಎರಡಕ್ಕೂ ಹಾಕಿದರೆ ಓದುಗರು ದಾರಿ ತಪ್ಪುತ್ತಾರೆ.

(ನಮ್ಮ ವಿಧಾನಸಭೆಯಲ್ಲಿ 2020ರವರೆಗೆ ಆಂಗ್ಲೋ ಇಂಡಿಯನ್ನರಿಗಿದ್ದ 225ನೇ ಸೀಟು ಬೇರೆಯೇ ಲೆಕ್ಕ. ಅದಕ್ಕೆ ಚುನಾವಣೆಯೇ ಇರಲಿಲ್ಲ, ನಾಮಕರಣ ಅಷ್ಟೇ.)

‘ಪ್ರತ್ಯೇಕ ಮತಕ್ಷೇತ್ರ’ ಅನ್ನಬಹುದು. ಅರ್ಥ ಹೆಚ್ಚುಕಮ್ಮಿ ಕೂಡುತ್ತದೆ. ಬ್ರಿಟಿಷರು 1909ರಲ್ಲಿ ಮುಸ್ಲಿಮರಿಗೆ ಕೊಟ್ಟದ್ದು, 1932ರಲ್ಲಿ ದಲಿತ ವರ್ಗಗಳಿಗೂ ಕೊಡಲು ಹೊರಟದ್ದು ಇದನ್ನೇ. ಆಮೇಲೆ ಗಾಂಧಿ ಯರವಾಡ ಜೈಲಿನಲ್ಲಿ ಉಪವಾಸ ಕೂತರು, ಪೂನಾ ಒಪ್ಪಂದ ಆಯಿತು, ಅಂಬೇಡ್ಕರ್ ಇದನ್ನು ಬಿಟ್ಟುಕೊಟ್ಟು ಪ್ರಾಂತ್ಯಗಳ ಶಾಸನಸಭೆಗಳಲ್ಲಿ 148 ಮೀಸಲು ಸೀಟುಗಳಿಗೆ ಒಪ್ಪಬೇಕಾಯಿತು. ಈ ಪದ ತಂದರೆ ಆ ಜಗಳವೂ, ದೇಶ ಒಡೆದ ನೆನಪೂ ಹಿಂದೆಯೇ ಬರುತ್ತವೆ. ನ್ಯೂಜಿಲೆಂಡಿನ ಮಾತಿಗೆ ಸುಮ್ನೆ ಅದೆಲ್ಲ ಯಾಕೆ? ಮೇಲಾಗಿ ‘ಮತ’ ಅಂದರೆ ಓಟೂ ಹೌದು, ಧರ್ಮವೂ ಹೌದು. 1909ಕ್ಕೆ ಎರಡರ್ಥವೂ ನಡೆಯುತ್ತದೆ ಬಿಡಿ, ಮಾವೋರಿಗಳಿಗೆ ನಡೆಯುವುದಿಲ್ಲ.

‘ಕ್ಷೇತ್ರ’ದ ಬಗ್ಗೆಯೂ ನನಗೆ ಅನುಮಾನ ಇದೆ. ಆ ಏಳು ಸೀಟುಗಳು ಇಡೀ ದೇಶವನ್ನು ಹಂಚಿಕೊಂಡಿವೆ, ಅದೇ ನೆಲದ ಮೇಲೆ ಸಾಮಾನ್ಯ ಸೀಟುಗಳೂ ಇವೆ. ಒಂದೇ ಮನೆಯಲ್ಲಿ ಅಣ್ಣ ಒಂದು ಸೀಟಿಗೆ, ತಂಗಿ ಇನ್ನೊಂದಕ್ಕೆ ಓಟು ಹಾಕಬಹುದು.

ಸದ್ಯಕ್ಕೆ ‘ಮಾವೋರಿ ಪಟ್ಟಿಯ ಸೀಟು’ ಅಂತ ಬರೆದುಕೊಂಡಿದ್ದೇನೆ. ‘ಸ್ಥಾನ’ ಅಂದರೆ ಜಾಸ್ತಿ ಚೆನ್ನವೋ? 1932ರ ಸುಮಾರಿನ ಕನ್ನಡ ಪತ್ರಿಕೆಗಳನ್ನು ನೋಡಿದವರು ಯಾರಾದರೂ ಇದ್ದರೆ, ಅಲ್ಲಿ ಇದಕ್ಕೆ ಯಾವ ಪದ ಬಳಸುತ್ತಿದ್ದರು ಅಂತಲೂ ತಿಳಿಸಿ.