ಕರ್ನಾಲಿನ ಗಂಗಾ, ನಮ್ಮ ಚಂದ್ರಿ

ತೀರ್ಥಹಳ್ಳಿ ಚಿಕ್ಕಪ್ಪ (ಫಾರ್ವರ್ಡ್): ಹರಿಯಾಣದಲ್ಲಿ ಒಂದೇ ಗೀರ್ ಹಸುವಿನಿಂದ ಸಾವಿರ ಹಸುಗಳನ್ನು ಅಚ್ಚು ಹೊಯ್ದಂತೆ ತಯಾರಿಸುತ್ತಿದ್ದಾರೆ. ಬಣ್ಣ, ಗುಣ, ಹಾಲು ಎಲ್ಲವೂ ಒಂದೇ. ಮಲೆನಾಡು ಗಿಡ್ಡ ಇನ್ನು ಉಳಿಯುವುದಿಲ್ಲ. ಎಲ್ಲರಿಗೂ ತಿಳಿಸಿ.

ತೀರ್ಥಹಳ್ಳಿ ಚಿಕ್ಕಪ್ಪ: ನಾನು ಬಹಳ ದಿನಗಳಿಂದ ಹೇಳುತ್ತಿದ್ದುದು ಇದನ್ನೇ.

ಬೆಂಗಳೂರು ಭಾವ: ಇದರ ಮೂಲ ಯಾವುದು? ಯಾವ ಸಂಸ್ಥೆ, ಯಾವ ವರ್ಷ ಎಂಬುದೇ ಇದರಲ್ಲಿಲ್ಲ. ನೀವು ಕಳುಹಿಸಿದ ಪ್ಲಾಸ್ಟಿಕ್ ಅಕ್ಕಿಯ ಸುದ್ದಿಗೂ ಮೂಲವಿರಲಿಲ್ಲ.

ತೀರ್ಥಹಳ್ಳಿ ಚಿಕ್ಕಪ್ಪ: ಅಳಿಯಂದಿರು ಎಲ್ಲದಕ್ಕೂ ಮೂಲ ಕೇಳುತ್ತಾರೆ. ಅಪ್ಪಯ್ಯನ ತಿಥಿಗೆ ಏಕೆ ಬರಲಿಲ್ಲವೆಂದು ನಾವು ಅವರನ್ನು ಕೇಳಲಿಲ್ಲ.

ದೊಡ್ಡಪ್ಪ: ತೀರಿಕೊಂಡವರ ಹೆಸರೆತ್ತಿ ಜಗಳವಾಡಬೇಡಿ. ಸೃಷ್ಟಿಯಲ್ಲಿ ಒಂದರಂತೆ ಇನ್ನೊಂದಿಲ್ಲ. ಅದನ್ನು ಮೀರಹೊರಟವರು ತಮ್ಮ ಮಿತಿಯನ್ನು ಮರೆತಿದ್ದಾರೆ.

ಸಾಗರದ ಅತ್ತೆ: ಇದು 40 ವರ್ಷಗಳ ಹಿಂದೆ ಬಂದಿದ್ದರೆ ನಮ್ಮ ಚಂದ್ರಿಯನ್ನು ಉಳಿಸಿಕೊಳ್ಳಬಹುದಿತ್ತು. ಯಾರೇ ಹತ್ತಿರ ಹೋದರೂ ಒದೆಯುತ್ತಿದ್ದವಳು ಅಮ್ಮ ಕೈಯಿಟ್ಟರೆ ಮಾತ್ರ ಸೊರೆ ಬಿಡುತ್ತಿದ್ದಳು.

ನಾನು: ಪಶುವೈದ್ಯೆಯಾಗಿ ಬರೆಯುತ್ತಿದ್ದೇನೆ, ದಯವಿಟ್ಟು ಪೂರ್ತಿ ಓದಿ. ಕರ್ನಾಲಿನ ರಾಷ್ಟ್ರೀಯ ಡೇರಿ ಸಂಶೋಧನಾ ಸಂಸ್ಥೆಯಲ್ಲಿ 2023ರ ಮಾರ್ಚ್ 16ರಂದು ಗಂಗಾ ಎಂಬ ಗೀರ್ ತಳಿಯ ಕ್ಲೋನ್ ಕರು, ಅಂದರೆ ಒಂದೇ ಹಸುವಿನ ಕೋಶದಿಂದ ಬೆಳೆಸಿದ ಕರು, ಹುಟ್ಟಿದ್ದು ನಿಜ. ತೂಕ 32 ಕಿಲೋ. ಗೀರ್ ಹಸುವಿನ ಮೈಕೋಶವನ್ನು ಸಾಹಿವಾಲ್ ಹಸುವಿನ ಅಂಡಾಣುವಿಗೆ ಸೇರಿಸಿ, ಮಿಶ್ರತಳಿ ಹಸುವಿನ ಗರ್ಭದಲ್ಲಿ ಬೆಳೆಸಿದರು. ಆದರೆ ಅಚ್ಚು ಹೊಯ್ದಂತೆ ಎಂಬ ಮಾತು ತಪ್ಪು. ಚರ್ಮದ ಕೋಶದಲ್ಲೂ ಹಾಲಿನ ಜೀನುಗಳಿರುತ್ತವೆ. ಡಿಎನ್‌ಎ ಮೇಲಿನ ಮೀಥೈಲ್ ಎಂಬ ರಾಸಾಯನಿಕ ಗುರುತುಗಳಂಥವು ಅವನ್ನು ಅಲ್ಲಿ ಮುಚ್ಚಿಟ್ಟಿರುತ್ತವೆ. ಅಂಡಾಣು ಆ ಹಳೆಯ ಗುರುತುಗಳನ್ನು ಅಳಿಸಿ ಭ್ರೂಣಕ್ಕೆ ಬೇಕಾದವನ್ನು ಹೊಸದಾಗಿ ಹಾಕಬೇಕು. ಕೆಲವೇ ದಿನಗಳಲ್ಲಿ ಮುಗಿಯಬೇಕಾದ ಈ ಕೆಲಸ ಒಂದೊಂದು ಭ್ರೂಣದಲ್ಲಿ ಒಂದೊಂದು ಬಗೆಯಲ್ಲಿ ಅರ್ಧಕ್ಕೇ ನಿಲ್ಲುವುದರಿಂದ ಹೆಚ್ಚಿನವು ಗರ್ಭದಲ್ಲೇ ಹೋಗುತ್ತವೆ, ಕೆಲವಕ್ಕೆ ಮಾಸು ಸರಿಯಾಗಿ ಬೆಳೆಯುವುದಿಲ್ಲ, ಕೆಲವು ಕರುಗಳು ವಿಪರೀತ ದೊಡ್ಡದಾಗಿ ಹುಟ್ಟಿ ತಾಯಿಗೂ ಸಂಕಟ ತರುತ್ತವೆ. ಡಾಲಿ ಕುರಿ ಕೂಡ 277 ಪ್ರಯತ್ನಗಳಲ್ಲಿ ಉಳಿದ ಒಂದೇ ಒಂದು. ಬದುಕುಳಿದ ಹೋಲ್‌ಸ್ಟೀನ್ ಕ್ಲೋನ್‌ಗಳ ಮೈಮಚ್ಚೆಗಳೂ ಒಂದಕ್ಕೊಂದು ಹೊಂದುವುದಿಲ್ಲ. ಇನ್ನು ನಮ್ಮ ಗಿಡ್ಡ ತಳಿ ಕಡಿಮೆಯಾಗುತ್ತಿರುವುದು ಮಿಶ್ರತಳಿಯ ವೀರ್ಯ ಕೊಡಿಸುವುದರಿಂದ, ಮೇಯುವ ಜಾಗ ಹೋದದ್ದರಿಂದ, ಗಂಗಾಳಿಂದಲ್ಲ.

ತೀರ್ಥಹಳ್ಳಿ ಚಿಕ್ಕಪ್ಪ: ಅಂತೂ ನಾನು ಸುಳ್ಳುಗಾರನೆಂದು ಅಣ್ಣನ ಮಗಳೂ ಹೇಳಿದ ಹಾಗಾಯಿತು.

ಬೆಂಗಳೂರು ಭಾವ: ಅವಳು ಹೇಳಿದ್ದು ಸಂದೇಶದ ಬಗ್ಗೆ, ನಿಮ್ಮ ಬಗ್ಗೆ ಅಲ್ಲ.

ದೊಡ್ಡಪ್ಪ: ಒಂದರಂತೆ ಇನ್ನೊಂದಿಲ್ಲವೆಂದು ನಾನು ಮೊದಲೇ ಬರೆದಿದ್ದೆ.

ಸಾಗರದ ಅತ್ತೆ: ಹಾಗಾದರೆ ಚಂದ್ರಿಯ ಹಣೆಯ ಬಿಳಿ ಬೊಟ್ಟು ಬರುತ್ತಿರಲಿಲ್ಲವೇ?

ನಾನು: ಅದೇ ಜಾಗದಲ್ಲಿ, ಅದೇ ಆಕಾರದಲ್ಲಿ ಬರುತ್ತಿತ್ತೆಂದು ಹೇಳಲಾಗದು ಅತ್ತೆ. ಬೆಳೆದ ಬಗೆಯೂ ಸೇರಿಕೊಳ್ಳುವುದರಿಂದ ಸ್ವಭಾವವನ್ನಂತೂ ಹೇಳಲೇ ಆಗದು. ಟೆಕ್ಸಾಸಿನಲ್ಲಿ ಚಾನ್ಸ್ ಎಂಬ ಸಾಧು ಹೋರಿಯ ಕ್ಲೋನ್ 1999ರಲ್ಲಿ ಹುಟ್ಟಿತು. ಅದು ಸಾಕಿದವರನ್ನೇ ಹಾಯ್ದು ಗಾಯಗೊಳಿಸಿತು.

ಸಾಗರದ ಅತ್ತೆ: ಚಂದ್ರಿಯನ್ನು ಮಾರುವಾಗ ನನ್ನನ್ನು ಯಾರೂ ಒಂದು ಮಾತು ಕೇಳಲಿಲ್ಲ.

ತೀರ್ಥಹಳ್ಳಿ ಚಿಕ್ಕಪ್ಪ: ಅದು ನಿನ್ನ ಮದುವೆಯ ಸಾಲಕ್ಕೆ, ಅಕ್ಕ. ಹೇಳಬೇಡವೆಂದವನು ಅಣ್ಣ.

ದೊಡ್ಡಪ್ಪ: ಅದನ್ನು ಇಲ್ಲಿ ಬರೆಯಬೇಕಿರಲಿಲ್ಲ.

ತೀರ್ಥಹಳ್ಳಿ ಚಿಕ್ಕಪ್ಪ: ಮಗಳೇ, ಆ ಸಂದೇಶವನ್ನು ಇನ್ನೂ ನಾಲ್ಕು ಗುಂಪುಗಳಿಗೆ ಕಳುಹಿಸಿದ್ದೇನೆ. ನೀನು ಬರೆದದ್ದನ್ನೂ ಅಲ್ಲಿಗೆ ಹಾಕಲೇ?

ನಾನು: ಹಾಕಿ ಚಿಕ್ಕಪ್ಪ. ಮೊದಲು ನೀವೊಮ್ಮೆ ಓದಿ.