ಪದಚರ್ಚೆ: "ಮೆಮೊರಿ" ಅಂದ್ರೆ ಯಾವ ಮೆಮೊರಿ? "ರೆಂಡರ್‌"ಗೆ ನೀವೇನು ಅನ್ನುತ್ತೀರಿ?

ಎಲ್ಲರಿಗೂ ನಮಸ್ಕಾರ.

ಗೇಮ್ ಮಾಡುವುದನ್ನು, 3ಡಿ ಚಿತ್ರಗಳ ತಂತ್ರಾಂಶವಾದ ಬ್ಲೆಂಡರ್‌ನಲ್ಲಿ ಅನಿಮೇಶನ್ ಮಾಡುವುದನ್ನು ಕಲಿಯುತ್ತಿರುವ ಹುಡುಗ ಹುಡುಗಿಯರಿಗಾಗಿ ಕಂಪ್ಯೂಟರಿನ ಬಿಡಿಭಾಗ ಆರಿಸುವ ಬಗ್ಗೆ ಕನ್ನಡದಲ್ಲಿ ಒಂದು ಸಣ್ಣ ಕೈಪಿಡಿ ಬರೆಯುತ್ತಿದ್ದೇನೆ. ಓದುವವರು ಹೆಚ್ಚಾಗಿ ಮೈಸೂರಿನವರು, ಇಲ್ಲಾ ಮಂಡ್ಯ, ಶ್ರೀರಂಗಪಟ್ಟಣದ ಕಡೆಯಿಂದ ರೈಲಿನಲ್ಲಿ ಕಾಲೇಜಿಗೆ ಬರುವವರು. ಮನೆಯಲ್ಲಿ ಒಂದು ಸಲ ದುಡ್ಡು ಕೊಡುತ್ತಾರೆ. ಎರಡನೇ ಸಲ ಕೇಳಿದರೆ ಬೈಸಿಕೊಳ್ಳಬೇಕು. ಹಾಗಾಗಿ ಅಂಗಡಿಯವರು ಕೊಟ್ಟ ಕೊಟೇಶನ್ ಕೈಯಲ್ಲಿ ಹಿಡಿದು "ಇದು ನನ್ನ ಕೆಲಸಕ್ಕೆ ಸಾಕಾ" ಅಂತ ಅವರೇ ನೋಡಿಕೊಳ್ಳುವ ಹಾಗಿರಬೇಕು. ವಿಷಯ ಬರೆಯಲು ತೊಂದರೆ ಇಲ್ಲ, ಪದಗಳೇ ಕೈಕೊಡುತ್ತಿವೆ.

ಸುಲಭದ್ದನ್ನು ಮೊದಲು ಮುಗಿಸುತ್ತೇನೆ. ನಮ್ಮ ಕಡೆ ಸಿಪಿಯು ಅಂದರೆ ಇಡೀ ಡಬ್ಬ. "ಸಿಪಿಯು ಸರ್ವೀಸಿಗೆ ಕೊಟ್ಟಿದ್ದೀನಿ", "ಸಿಪಿಯು ಮೇಲೆ ಹೂದಾನಿ ಇಡಬೇಡ" ಅಂತ ಮನೆಮನೆಯಲ್ಲೂ ಹೇಳುತ್ತಾರೆ. ಒಳಗಿರುವ ನಿಜವಾದ ಸಿಪಿಯುಗೆ ಪ್ರೊಸೆಸರ್, ಖಾಲಿ ಡಬ್ಬಕ್ಕೆ ಕ್ಯಾಬಿನೆಟ್, ಕರೆಂಟ್ ಕೊಡುವ ಪೆಟ್ಟಿಗೆಗೆ ಎಸ್‌ಎಂಪಿಎಸ್. ಯೂಟ್ಯೂಬ್ ನೋಡಿದ ಹುಡುಗರು ಪಿಎಸ್‌ಯು, ಕೇಸ್ ಅನ್ನುತ್ತಾರೆ, ಅಂಗಡಿಯವರು ಎಸ್‌ಎಂಪಿಎಸ್, ಕ್ಯಾಬಿನೆಟ್ ಅನ್ನುತ್ತಾರೆ. ನಾನು ಅಂಗಡಿಯವರ ಪಕ್ಷ. ಕೈಪಿಡಿಯಲ್ಲಿ ಸಿಪಿಯು ಅನ್ನುವ ಪದವನ್ನೇ ಬಳಸುತ್ತಿಲ್ಲ, ಪ್ರೊಸೆಸರ್ ಅಂತಲೇ ಬರೆಯುತ್ತಿದ್ದೇನೆ. ಮದರ್‌ಬೋರ್ಡ್‌ಗೆ ಬರೀ ಬೋರ್ಡ್. ಇದರ ಬಗ್ಗೆ ಯಾರಿಗಾದರೂ ತಕರಾರಿದ್ದರೆ ಹೇಳಿ, ಆದರೆ ದಯವಿಟ್ಟು ಮಾತೃಫಲಕ ಬೇಡ.

ನಿಜವಾದ ತೊಂದರೆ ಮೆಮೊರಿಯದ್ದು. ಫೋನಿನಲ್ಲಿ "ಮೆಮೊರಿ ಫುಲ್ ಆಗಿದೆ" ಅಂದರೆ ಫೋಟೊ ಇಡಲು ಜಾಗವಿಲ್ಲ ಅಂತ. ಕಂಪ್ಯೂಟರ್ ಪಾಠದಲ್ಲಿ ಮೆಮೊರಿ ಅಂದರೆ, ಕೆಲಸ ನಡೆಯುವಾಗ ಮಾತ್ರ ಮಾಹಿತಿ ಹಿಡಿದಿಡುವ ರ‍್ಯಾಮ್. ಚಿತ್ರಗಳ ಲೆಕ್ಕ ಮಾಡುವ ಗ್ರಾಫಿಕ್ಸ್ ಕಾರ್ಡಿನ ಡಬ್ಬದ ಮೇಲೆ ಮೆಮೊರಿ ಅಂದರೆ ಆ ಕಾರ್ಡಿನ ಸ್ವಂತದ್ದು. ಮೂರೂ ಜಿಬಿಯಲ್ಲೇ ಅಳೆಯುವಂಥವು. "ಮೂವತ್ತೆರಡು ಜಿಬಿ ಮೆಮೊರಿ ಇದೆ, ಇನ್ನೇನು ಬೇಕು" ಅಂದರೆ ಕೇಳುವವರು ತಲೆ ಆಡಿಸಿ ದುಡ್ಡು ಕೊಟ್ಟು ಬರುತ್ತಾರೆ.

ಬರೀ ಆಫೀಸ್ ಕೆಲಸಕ್ಕಾದರೆ ಈ ಗೊಂದಲದಿಂದ ಅಂಥ ನಷ್ಟವಿಲ್ಲ. ಕಂಪ್ಯೂಟರ್ ಲೆಕ್ಕ ಹಾಕಿ ಚಿತ್ರ ತಯಾರಿಸುವ ರೆಂಡರಿಂಗ್‌ಗೆ ಇದೇ ಮುಖ್ಯ. ಬ್ಲೆಂಡರ್‌ನ ರೆಂಡರ್ ಮಾಡುವ ಭಾಗವಾದ ಸೈಕಲ್ಸ್‌ನಲ್ಲಿ ಗ್ರಾಫಿಕ್ಸ್ ಕಾರ್ಡಿನಿಂದ ರೆಂಡರ್ ಮಾಡಬೇಕಾದರೆ ಆ ದೃಶ್ಯದ ಆಕಾರಗಳು, ಮೇಲೆ ಹೊದಿಸುವ ಟೆಕ್ಸ್ಚರ್‌ಗಳು ಎಲ್ಲವೂ ಕಾರ್ಡಿನ ಮೆಮೊರಿಯೊಳಗೆ ಕೂರಬೇಕು. ಒಂದು 4ಕೆ ಟೆಕ್ಸ್ಚರ್ ತೆಗೆದುಕೊಳ್ಳಿ. 4096 ಚುಕ್ಕಿ ಅಗಲ, 4096 ಚುಕ್ಕಿ ಎತ್ತರ, ಒಂದೊಂದು ಚುಕ್ಕಿಗೂ 4 ಬೈಟ್. ಒಟ್ಟು 64 ಎಂಬಿ. ಡಿಸ್ಕಿನಲ್ಲಿ ಜೆಪಿಜಿ ಆಗಿ ಐದಾರು ಎಂಬಿ ಇದ್ದದ್ದು ಕಾರ್ಡಿನೊಳಗೆ ಬಿಚ್ಚಿಕೊಂಡಾಗ ಇಷ್ಟಾಗುತ್ತದೆ. ಗೋಡೆಗೊಂದು, ನೆಲಕ್ಕೊಂದು ಅಂತ ಪ್ರತಿ ಮೆಟೀರಿಯಲ್‌ಗೂ ಇಂಥ ನಾಲ್ಕು ಟೆಕ್ಸ್ಚರ್ ಹಾಕಿದರೆ 256 ಎಂಬಿ. ಅಂಥ 32 ಮೆಟೀರಿಯಲ್ ಸೇರಿದರೆ 8 ಜಿಬಿ ಅಲ್ಲಿಗೇ ಮುಗಿಯಿತು, ಇನ್ನೂ ಆಕಾರಗಳು ಬಂದೇ ಇಲ್ಲ. ಆಮೇಲೆ ಒಂದೋ ಕಂಪ್ಯೂಟರಿನ ರ‍್ಯಾಮ್‌ನಿಂದ ಸಾಲ ತಂದು ತೆವಳುತ್ತದೆ, ಇಲ್ಲವೇ ಮೆಮೊರಿ ಸಾಲದು ಅಂತ ನಿಂತೇಬಿಡುತ್ತದೆ. ಪ್ರೊಸೆಸರಿನಿಂದ ರೆಂಡರ್ ಮಾಡಿದರೆ ಮಾಮೂಲಿ ರ‍್ಯಾಮ್ ಸಾಕು, ನಿಧಾನ ಅಷ್ಟೇ.

ಇನ್ನು ಹೆಸರುಗಳ ಆಟ ಬೇರೆ. ಎನ್ವಿಡಿಯಾ ಕಂಪನಿಯ ಕಾರ್ಡುಗಳಲ್ಲಿ 2021ರ ಆರ್‌ಟಿಎಕ್ಸ್ 3060ಗೆ 12 ಜಿಬಿ ಇತ್ತು, 2023ರ 4060ಗೆ 8 ಜಿಬಿ. ಹೊಸದು ಆಟಕ್ಕೆ ಚುರುಕು, ಆದರೆ ಜಾಗ ಕಡಿಮೆ. 3060ರಲ್ಲೇ ಆಮೇಲೆ 8 ಜಿಬಿಯದೂ ಒಂದು ಬಂತು. 4060 ಟಿಐ ಅನ್ನುವುದರಲ್ಲಿ 8 ಜಿಬಿಯದೂ ಇದೆ, 16 ಜಿಬಿಯದೂ ಇದೆ. 2025ರ 5060 ಟಿಐ ಕೂಡ ಹಾಗೇ. ಕೊಟೇಶನ್‌ನಲ್ಲಿ "5060 ಟಿಐ ಕಾರ್ಡ್" ಅಂತ ಇಷ್ಟೇ ಬರೆದಿದ್ದರೆ ಅದು ಅರ್ಧ ಬರೆದ ಕೊಟೇಶನ್. ಆ ಇನ್ನರ್ಧವನ್ನು ಹುಡುಗರು ಬಾಯಿಬಿಟ್ಟು ಕೇಳಬೇಕಲ್ಲ, ಅದಕ್ಕೆ ಅವರ ಬಾಯಿಗೆ ಒಂದು ಪದ ಬೇಕು.

ಸ್ಮೃತಿ, ಸ್ಮರಣೆ ನೋಡಿದೆ. ಪಠ್ಯಪುಸ್ತಕಕ್ಕೆ ಸರಿ, ಅಂಗಡಿಯಲ್ಲಿ ಯಾರೂ ಅನ್ನುವುದಿಲ್ಲ. ನೆನಪು ಇನ್ನೂ ಕಷ್ಟ. "ಈ ಕಾರ್ಡಿಗೆ 12 ಜಿಬಿ ನೆನಪಿದೆ" ಅಂದರೆ ಅಂಗಡಿಯವರು "ಪರವಾಗಿಲ್ಲ, ನನಗಿಂತ ವಾಸಿ" ಅನ್ನುತ್ತಾರೆ. ಕಾರ್ಡಿನ ಮೆಮೊರಿಯ ಇಂಗ್ಲಿಷ್ ಹೆಸರಾದ ವಿ-ರ‍್ಯಾಮ್ ಅಂತ ಬರೆದು ಒಂದಿಬ್ಬರಿಗೆ ಓದಲು ಕೊಟ್ಟೆ, ವಿರಾಮ ಅಂತ ಓದಿದರು. ರ‍್ಯಾಮ್ ಬರೆಯುವುದೇ ಒಂದು ಪಾಡು, ಗೊತ್ತಲ್ಲ. ಕೆಲವು ಫೋನುಗಳಲ್ಲಿ ರೇಫ ಹಾರಿಹೋಗಿ ಯ ಪಕ್ಕ ಅರ್ಕಾವೊತ್ತಾಗಿ ಕೂರುತ್ತದೆ. ರಾಮ್ ಅಂತ ಬರೆದರೆ ಅದು ಬೇರೆಯೇ ದೇವರು.

ಈಗ ನನ್ನ ಮನಸ್ಸು ವಾಲಿರುವುದು ಹೀಗೆ. ಮೆಮೊರಿ ಪದವನ್ನು ಪೂರ್ತಿ ಬಿಟ್ಟುಬಿಡುವುದು. ಬೋರ್ಡಿಗೆ ಸಿಕ್ಕಿಸುವುದು ರ‍್ಯಾಮ್, ಕಾರ್ಡಿನೊಳಗಿರುವುದು "ಕಾರ್ಡಿನ ರ‍್ಯಾಮ್", ಫೈಲ್ ಇಡುವುದು ಎಸ್‌ಎಸ್‌ಡಿ ಅಥವಾ ಡಿಸ್ಕ್. "ಅಣ್ಣಾ, ಕಾರ್ಡಿನ ರ‍್ಯಾಮ್ ಎಷ್ಟು?" ಅಂತ ಕೇಳಿದರೆ ಯಾವ ಅಂಗಡಿಯಲ್ಲೂ ಅರ್ಥವಾಗುತ್ತದೆ ಅಂತ ನನ್ನ ನಂಬಿಕೆ. ಇದಕ್ಕಿಂತ ಚಿಕ್ಕದು, ಈಗಾಗಲೇ ಬಾಯಲ್ಲಿ ಓಡಾಡುತ್ತಿರುವುದು ನಿಮ್ಮ ಕಿವಿಗೆ ಬಿದ್ದಿದೆಯಾ?

ಮುಂದಿನದು "ಗೇಮಿಂಗ್ ಸಿಸ್ಟಮ್". ಗೇಮ್ ಡೆವಲಪ್‌ಮೆಂಟ್‌ಗೆ ಬೇಕು ಅಂದ ಕೂಡಲೇ ಅಂಗಡಿಯಲ್ಲಿ ಬಣ್ಣದ ದೀಪ ಉರಿಯುವ ಗೇಮಿಂಗ್ ಸಿಸ್ಟಮ್ ತೋರಿಸುತ್ತಾರೆ. ಅದು ಆಡುವವರಿಗೆ. ರೈಜನ್ 7 7800ಎಕ್ಸ್3ಡಿ ಪ್ರೊಸೆಸರ್ ಆಟಕ್ಕೆ ಬಹಳ ಹೆಸರು ಮಾಡಿದ್ದು, 8 ಕೋರ್ (ಒಟ್ಟಿಗೆ ಲೆಕ್ಕ ಮಾಡುವ ಘಟಕಗಳು), 96 ಎಂಬಿ ಕ್ಯಾಶೆ (ಪ್ರೊಸೆಸರಿನೊಳಗೇ ಇರುವ ಚುರುಕು ಮೆಮೊರಿ). ಆದರೆ ಕೋಡ್ ಕಂಪೈಲ್ ಮಾಡುವುದಕ್ಕೆ, ಅಂದರೆ ಬರೆದ ಕೋಡನ್ನು ಯಂತ್ರಕ್ಕೆ ತಿಳಿಯುವ ಹಾಗೆ ಬದಲಿಸುವುದಕ್ಕೆ, ಪ್ರೊಸೆಸರ್‌ನಲ್ಲೇ ರೆಂಡರ್ ಮಾಡುವುದಕ್ಕೆ 16 ಕೋರಿನ 7950ಎಕ್ಸ್ ಅದನ್ನು ಎಷ್ಟೋ ಹಿಂದೆ ಹಾಕುತ್ತದೆ. ಆಡುವವರಿಗೆ 16 ಜಿಬಿ ರ‍್ಯಾಮ್‌ನಲ್ಲಿ ದಿನ ಕಳೆಯಬಹುದು. ಕೆಲಸ ಮಾಡುವವರು ಗೇಮ್ ತಯಾರಿಸುವ ತಂತ್ರಾಂಶವಾದ ಎಂಜಿನ್, ಬ್ಲೆಂಡರ್, ಫೋಟೊಶಾಪ್, ಇಪ್ಪತ್ತು ಟ್ಯಾಬಿನ ಬ್ರೌಸರ್ ಎಲ್ಲ ಒಟ್ಟಿಗೆ ತೆರೆದು ಕೂರುತ್ತಾರೆ. ಅನ್‌ರಿಯಲ್ ಎಂಜಿನ್ 5ಕ್ಕೆ ಅದನ್ನು ಮಾಡಿದವರೇ 32 ಜಿಬಿ ಇರಲಿ ಅನ್ನುತ್ತಾರೆ.

ಇಲ್ಲಿ ಕನ್ನಡ ತಾನಾಗಿಯೇ ದಾರಿ ಕೊಡುತ್ತದೆ ಅಂತ ನನಗೆ ಅನ್ನಿಸಿತು. ಹಾಡು ಕಟ್ಟುತ್ತೇವೆ, ಕಥೆ ಕಟ್ಟುತ್ತೇವೆ, ಹಾಗೇ ಗೇಮ್ ಕಟ್ಟುತ್ತೇವೆ. "ಗೇಮ್ ಆಡೋದಕ್ಕಾ, ಕಟ್ಟೋದಕ್ಕಾ?" ಅನ್ನುವ ಒಂದು ಪ್ರಶ್ನೆಯಲ್ಲೇ ಅರ್ಧ ಕೊಟೇಶನ್ ಬದಲಾಗುತ್ತದೆ. ಒಂದೇ ಕಿರಿಕಿರಿ, ಈಗಿನ ಹುಡುಗರು ಕಂಪ್ಯೂಟರ್ ಜೋಡಿಸುವುದಕ್ಕೂ ಬಿಲ್ಡ್ ಅನ್ನುತ್ತಾರೆ, ಗೇಮನ್ನು ಕೊನೆಗೆ ಕಂಪೈಲ್ ಮಾಡಿ ಹೊರತೆಗೆಯುವುದಕ್ಕೂ ಬಿಲ್ಡ್ ಅನ್ನುತ್ತಾರೆ. ಹಾಗಾಗಿ ಕಂಪ್ಯೂಟರನ್ನು ಜೋಡಿಸುವುದು, ಗೇಮನ್ನು ಕಟ್ಟುವುದು ಅಂತ ಬೇರೆ ಬೇರೆ ಮಾಡಿಕೊಂಡಿದ್ದೇನೆ. ಅಸೆಂಬಲ್ಡ್ ಅನ್ನುವುದನ್ನು ಬೇಕೆಂದೇ ಬಿಟ್ಟೆ. ಹಿರಿಯರ ಕಿವಿಗೆ ಅದು ಇನ್ನೂ "ಬ್ರಾಂಡೆಡ್ ಕೊಳ್ಳಲು ಆಗದವರದು" ಅಂತಲೇ ಕೇಳಿಸುತ್ತದೆ. ಈಗ ನೋಡಿದರೆ ಒಂದು ಕಾರ್ಡಿನ ದುಡ್ಡಿಗೆ ಲ್ಯಾಪ್‌ಟಾಪ್ ಬರುತ್ತದೆ.

ಕೋರ್‌ಗೆ ಕೋರ್ ಅಂತಲೇ ಇಟ್ಟಿದ್ದೇನೆ. ಒಂದು ಕೋರ್ ಏಕಕಾಲಕ್ಕೆ ನಡೆಸುವ ಕೆಲಸದ ಸಾಲಾದ ಥ್ರೆಡ್‌ಗೆ ಎಳೆ ಚೆನ್ನಾಗಿದೆ ಅಲ್ವಾ? "16 ಕೋರ್, 32 ಎಳೆ." ಓದಲು ಸಲೀಸಾಗಿದೆ. ಆದರೆ ಅಂಗಡಿಯಲ್ಲಿ ಹೇಳಿದರೆ ಅರ್ಥವಾಗುವುದು ಅನುಮಾನ.

ಇನ್ನು ರೆಂಡರ್. ಸಾಮಾನ್ಯ ನಿಘಂಟಿನ ಕೊಡು, ಸಲ್ಲಿಸು, ಅನುವಾದಿಸು ಯಾವುದೂ ಇಲ್ಲಿಗೆ ಕೂರುವುದಿಲ್ಲ. ಗೋಡೆಗೆ ಗಿಲಾವು ಮಾಡುವುದಕ್ಕೂ ಇಂಗ್ಲಿಷಿನಲ್ಲಿ ಇದೇ ಪದ, ಅದನ್ನು ಸುಮ್ನೆ ತಮಾಷೆಗೆ ಹೇಳಿದೆ. ಚಿತ್ರ ಮೂಡಿಸುವುದು ಅನ್ನುವುದು ನನಗೆ ಇಷ್ಟ. ಲೆಕ್ಕದಿಂದ ಚಿತ್ರ ಮೂಡುತ್ತದೆ, ಅದೇ ತಾನೇ ನಡೆಯುವುದು. ಗೇಮಿನೊಳಗಿನ ರೆಂಡರಿಂಗ್‌ಗೆ ಇದು ಸರಿಹೋಗುತ್ತದೆ. ಅಲ್ಲಿ ಸೆಕೆಂಡಿಗೆ 60 ಚಿತ್ರ ಬೇಕು, ಒಂದೊಂದಕ್ಕೂ ಸಿಗುವುದು 16.7 ಮಿಲಿಸೆಕೆಂಡ್, ಕಣ್ಣೆದುರೇ ಮೂಡಿ ಹೋಗುತ್ತದೆ. ಅನಿಮೇಶನ್ ರೆಂಡರಿಂಗ್ ಕಥೆ ಬೇರೆ. ಸೆಕೆಂಡಿಗೆ 24 ಫ್ರೇಮ್ ಅಂದರೆ ಒಂದು ನಿಮಿಷಕ್ಕೆ 1440 ಫ್ರೇಮ್. ಒಂದು ಫ್ರೇಮಿಗೆ ಎರಡು ನಿಮಿಷ ಹಿಡಿದರೂ 48 ಗಂಟೆ. ಇದನ್ನು ಹುಡುಗರು "ರೆಂಡರ್‌ಗೆ ಇಟ್ಟಿದ್ದೀನಿ" ಅನ್ನುತ್ತಾರೆ, ಅನ್ನಕ್ಕೆ ಇಟ್ಟಿದ್ದೀನಿ ಅಂದ ಹಾಗೆ. ಇಟ್ಟು ಆಚೆ ಹೋಗುತ್ತಾರೆ, ನಡುವೆ ಬಂದು ನೋಡುತ್ತಾರೆ. ಯಾರೂ ಹೇಳಿಕೊಟ್ಟದ್ದಲ್ಲ, ಆದರೂ ಆ "ಇಡು" ಎಷ್ಟು ಸರಿಯಾಗಿದೆ ನೋಡಿ. ಹಾಗಾಗಿ ಕೈಪಿಡಿಯಲ್ಲಿ ಗೇಮಿಗೆ ಚಿತ್ರ ಮೂಡಿಸು, ಅನಿಮೇಶನ್‌ಗೆ ರೆಂಡರ್‌ಗೆ ಇಡು ಅಂತ ಎರಡು ಬಳಸಲೇ? ಮೂಲದಲ್ಲಿ ಒಂದೇ ಪದ ಇರುವಾಗ ಕನ್ನಡದಲ್ಲಿ ಎರಡಾದರೆ ತಪ್ಪೇನೂ ಇಲ್ಲ ಅಂತ ನನ್ನ ಅಭಿಪ್ರಾಯ, ಏಕೆಂದರೆ ಕೊಳ್ಳುವ ಸಾಮಾನು ಈ ಎರಡಕ್ಕೂ ಬೇರೆಯಾಗುತ್ತದೆ. ಶಾಲೆಯ ಮೇಷ್ಟ್ರು ಒಬ್ಬರು ಇದು ಗೊಂದಲ ಅಂದರು. ನಿಮಗೇನನ್ನಿಸುತ್ತದೆ?

ಕೊನೆಯದಾಗಿ ಯುಪಿಎಸ್. 48 ಗಂಟೆ ರೆಂಡರ್‌ಗೆ ಇಟ್ಟಾಗ ನಡುವೆ ಕರೆಂಟ್ ಹೋಗದೆ ಇರುತ್ತದಾ? ನೇರವಾಗಿ ವಿಡಿಯೊ ಫೈಲಾಗಿ ಇಟ್ಟಿದ್ದರೆ ಆ ಫೈಲೇ ಕೆಡಬಹುದು. ಒಂದೊಂದು ಫ್ರೇಮನ್ನೂ ಪಿಎನ್‌ಜಿ ಚಿತ್ರವಾಗಿ ಉಳಿಸುತ್ತಾ ಹೋದರೆ ನಿಂತಲ್ಲಿಂದ ಮುಂದುವರಿಸಬಹುದು. ಅದನ್ನು ಬರೆದಿದ್ದೇನೆ. ಪದದ ತೊಂದರೆ ಏನೆಂದರೆ, ಅಂಗಡಿಯಲ್ಲಿ "ಆರುನೂರರ ಯುಪಿಎಸ್" ಅನ್ನುತ್ತಾರೆ, ಏನು ಆರುನೂರು ಅಂತ ಹೇಳುವುದಿಲ್ಲ. ಅದು 600 ವಿಎ, ಅಂದರೆ ವೋಲ್ಟ್-ಆಂಪಿಯರ್. ವ್ಯಾಟ್ ಲೆಕ್ಕದಲ್ಲಿ ಸಾಮಾನ್ಯವಾಗಿ 360 ಮಾತ್ರ. 3060 ಕಾರ್ಡ್ ಒಂದೇ 170 ವ್ಯಾಟ್ ಎಳೆಯುತ್ತದೆ, ಅದರ ಮೇಲೆ ಪ್ರೊಸೆಸರ್, ಮಾನಿಟರ್. ಎಸ್‌ಎಂಪಿಎಸ್ ಮೇಲೆ ಬರೆಯುವ 650 ವ್ಯಾಟ್, ಯುಪಿಎಸ್ ಮೇಲಿನ 600 ವಿಎ ಎರಡನ್ನೂ "ಪವರ್" ಅಂತಲೇ ಕರೆದರೆ ಹುಡುಗರು ಎರಡೂ ಸರಿಸುಮಾರು ಸಮ ಅಂದುಕೊಳ್ಳುತ್ತಾರೆ. ಮಂಡ್ಯ, ಮದ್ದೂರಿನ ಕಡೆ ಪಂಪ್‌ಸೆಟ್, ಇನ್ವರ್ಟರ್ ಕೆಲಸ ಮಾಡುವವರು ವಿಎಗೂ ವ್ಯಾಟ್‌ಗೂ ಬೇರೆ ಬೇರೆ ಮಾತು ಬಳಸುತ್ತಾರಾ? ಕೇಳಿದವರಿದ್ದರೆ ಅವರು ಅಂದದ್ದನ್ನು ಹಾಗೇ ಬರೆದು ಕಳಿಸಿ, ತಿದ್ದಬೇಡಿ.