ಅಪ್ಪನದು ಅರಳು ಮರಳಾ, ಬೇರೆ ಏನಾದರೂ ಇರಬಹುದಾ? ತಿಳಿದವರು ಹೇಳಿ

ತಿಪಟೂರಿನ ಮಗಳು:
ನಮ್ಮ ಅಪ್ಪನಿಗೆ 74. ತಿಪಟೂರು ಹತ್ತಿರದ ಹಳ್ಳಿಯಲ್ಲಿ ಅಣ್ಣನ ಜೊತೆ ಇದ್ದಾರೆ. ಅಮ್ಮ ಹೋಗಿ ಹದಿನಾಲ್ಕು ತಿಂಗಳಾಯಿತು. ಆಗ ಅಪ್ಪ ಒಂದು ಹನಿ ಕಣ್ಣೀರು ಹಾಕಲಿಲ್ಲ. ತಿಥಿ ಮುಗಿದ ಮಾರನೇ ದಿನವೇ ತೋಟಕ್ಕೆ ಹೋದರು. ಗಟ್ಟಿ ಜೀವ ಅಂತ ಎಲ್ಲರೂ ಅಂದರು.

ಗೌರಿಹಬ್ಬ ಕಳೆದ ಮೇಲೆ ಬೇರೆಯೇ ಆಗಿಬಿಟ್ಟಿದ್ದಾರೆ. ಇವತ್ತು ಯಾವ ವಾರ ಅಪ್ಪ? "ಗೊತ್ತಿಲ್ಲ ಕಣಮ್ಮ." ಊಟ ಆಯ್ತಾ? "ನೆನಪಿಲ್ಲ." ಬೆಳಗಿನ ಜಾವ ಮೂರಕ್ಕೇ ಎದ್ದು ಜಗಲಿ ಮೇಲೆ ಕೂರುತ್ತಾರೆ. ಹೊಟ್ಟೆ ಉರಿ ಅಂತಾರೆ, ಎಂಡೋಸ್ಕೋಪಿ ಮಾಡಿಸಿದರೆ ಏನೂ ಇಲ್ಲ. ಪಂಚೆ ಸೊಂಟದ ಮೇಲೆ ನಿಲ್ಲುತ್ತಿಲ್ಲ, ಅಷ್ಟು ಇಳಿದಿದ್ದಾರೆ.

ನನಗೆ ಜಾಸ್ತಿ ಸಂಕಟ ಆಗಿದ್ದು ಅಟ್ಟದ ವಿಷಯದಲ್ಲಿ. ನಮ್ಮದು ಉಂಡೆ ಕೊಬ್ಬರಿ. ಕಾಯಿ ಹತ್ತು ಹನ್ನೊಂದು ತಿಂಗಳು ಅಟ್ಟದ ಮೇಲೇ ಒಣಗಬೇಕು. ಅಪ್ಪ ಒಂದೊಂದನ್ನೂ ಕಿವಿ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದರು. ಕೊಬ್ಬರಿ ಚಿಪ್ಪು ಬಿಟ್ಟು ಒಳಗೆ ಗುಡುಗುಡು ಉರುಳಿದರೆ ಮಾತ್ರ ಸುಲಿಯುವುದಕ್ಕೆ ಕೊಡುವುದು. ಈ ಸಲ ಅಣ್ಣ ಕಾಯಿ ಕೈಗೆ ಕೊಟ್ಟರೆ, ಅದನ್ನು ತೊಡೆ ಮೇಲೆ ಇಟ್ಟುಕೊಂಡು ಸುಮ್ನೆ ಕೂತಿದ್ದರು.

"ಅರವತ್ತಕ್ಕೆ ಅರಳು ಮರಳು" ಅಂತಾನೆ ಅಣ್ಣ. ಊರಿನ ಡಾಕ್ಟರೂ ವಯಸ್ಸಾಯ್ತಲ್ಲ ಅಂದರು. ಹೋದ ವಾರ ಅಪ್ಪ ಪಹಣಿ, ಪಾಸ್‌ಬುಕ್ ಎಲ್ಲ ಅಣ್ಣನ ಕೈಗೆ ಕೊಟ್ಟು "ಇನ್ನು ನಾನಿದ್ದು ಏನಾಗಬೇಕು" ಅಂದರಂತೆ.

ನಿವೃತ್ತ ನರ್ಸ್, ದಾವಣಗೆರೆ:
ಕೊನೆಯ ಸಾಲಿನಿಂದ ಶುರು ಮಾಡುತ್ತೇನೆ ತಾಯಿ. ತೋಟಕ್ಕೆ ಹೊಡೆಯುವ ಕೀಟನಾಶಕ ಮನೆಯಲ್ಲಿದ್ದರೆ ಇವತ್ತೇ ಅಲ್ಲಿಂದ ಸಾಗಿಸಿ. ಅಪ್ಪನನ್ನು ಒಬ್ಬರನ್ನೇ ಬಿಡಬೇಡಿ. ಪಕ್ಕದಲ್ಲಿ ಕೂತು ನೇರವಾಗಿ ಕೇಳಿ, "ಸಾಯಬೇಕು ಅಂತ ಅನಿಸುತ್ತಾ ಅಪ್ಪ?" ಅಂತ. ಕೇಳಿದರೆ ಇಲ್ಲದ ಯೋಚನೆ ಬರುತ್ತದೆ ಅಂತ ಜನ ಹೆದರುತ್ತಾರೆ. ಹಾಗಾಗುವುದಿಲ್ಲ. ಎಷ್ಟೋ ಹಿರಿಯರು ಯಾರಾದರೂ ಕೇಳಲಿ ಅಂತಲೇ ಕಾಯುತ್ತಿರುತ್ತಾರೆ. ಹೌದು ಅಂದರೆ ತಡ ಮಾಡದೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ಇನ್ನು ಮರೆವಿನ ವಿಷಯ. ನೀವು ಬರೆದದ್ದು ಓದಿದರೆ ನನಗೆ ಖಿನ್ನತೆಯ ಅನುಮಾನವೇ ಜಾಸ್ತಿ. ಮರೆವಿನ ಕಾಯಿಲೆ ಇರುವವರು ಸಾಮಾನ್ಯವಾಗಿ ಅದನ್ನು ಮುಚ್ಚಿಡುತ್ತಾರೆ, ಏನೋ ಒಂದು ಉತ್ತರ ಹೇಳುತ್ತಾರೆ. ಯಾವಾಗ ಶುರುವಾಯಿತು ಅಂತ ಮನೆಯವರಿಗೂ ಗೊತ್ತಾಗುವುದಿಲ್ಲ. ಖಿನ್ನತೆಯವರು ಯೋಚನೆಯನ್ನೂ ಮಾಡದೆ ಗೊತ್ತಿಲ್ಲ ಅಂದುಬಿಡುತ್ತಾರೆ. ಯಾವಾಗಿನಿಂದ ಹೀಗೆ ಅಂತ ನೀವು ಹಬ್ಬದ ಲೆಕ್ಕದಲ್ಲಿ ಹೇಳಿದಿರಿ ನೋಡಿ. ವಯಸ್ಸಾದವರಲ್ಲಿ ದುಃಖ ಅಳುವಾಗಿಯೇ ಬರಬೇಕು ಅಂತೇನಿಲ್ಲ. ಹೊಟ್ಟೆ ಉರಿಯಾಗಿ, ಮೈಕೈ ನೋವಾಗಿ, ನಿದ್ದೆ ಕೆಟ್ಟು ಬರುತ್ತದೆ.

ಆದರೆ ನಾನು ಹೇಳಿದೆ ಅಂತ ತೀರ್ಮಾನ ಮಾಡಬೇಡಿ. ಎರಡೂ ಒಟ್ಟಿಗೆ ಇರಬಹುದು. ಮನೋವೈದ್ಯರ ಹತ್ತಿರ ಹೋಗಿ. ಥೈರಾಯ್ಡ್, ಬಿ12, ಸೋಡಿಯಂ ಮೂರನ್ನೂ ನೋಡಿಸಿ, ಅವು ಏರುಪೇರಾದರೂ ಹೀಗೇ ಮಂಕು ಕವಿಯುತ್ತದೆ. ಕಿವಿ ಸರಿಯಾಗಿ ಕೇಳುತ್ತದಾ ಅಂತಲೂ ನೋಡಿಸಿ.

ಹಾಸನದ ಸೊಸೆ:
ನಮ್ಮ ಅತ್ತೆಗೂ ಖಿನ್ನತೆ ಅಂತಲೇ ಶುರುವಾಗಿದ್ದು. ಮಾತ್ರೆಯಿಂದ ಮನಸ್ಸು ಹಗುರವಾಯಿತು, ಮರೆವು ಮಾತ್ರ ಹೋಗಲಿಲ್ಲ. ವರ್ಷದ ಮೇಲೆ ಅಲ್ಝೈಮರ್ಸ್ ಅಂದರು. ಹೆದರಿಸುವುದಕ್ಕೆ ಹೇಳುತ್ತಿಲ್ಲ. ಅಪ್ಪ ಚೇತರಿಸಿಕೊಂಡರೂ ಆರು ತಿಂಗಳಿಗೊಮ್ಮೆ ತೋರಿಸುತ್ತಿರಿ. ಇನ್ನೊಂದು, ಯಾವತ್ತಾದರೂ ಎರಡೇ ದಿನದಲ್ಲಿ ಮಾತು ಅಸಂಬದ್ಧವಾಗಿ, ಇಲ್ಲದ್ದು ಕಾಣತೊಡಗಿದರೆ ಕಾಯಬೇಡಿ, ಆಸ್ಪತ್ರೆಗೆ ಹೋಗಿ. ಅತ್ತೆಗೆ ಹಾಗಾಗಿದ್ದು ಮೂತ್ರದ ಸೋಂಕಿನಿಂದ.

ತಿಪಟೂರಿನ ಮಗಳು (ಒಂಬತ್ತು ವಾರದ ನಂತರ):
ಆ ರಾತ್ರಿಯೇ ಊರಿಗೆ ಹೋದೆ. ಕೇಳಿದೆ. ಅಪ್ಪ ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ "ನಿಮ್ಮಮ್ಮ ನೀರು ಕೇಳಿದಾಗ ನಾನು ನಿದ್ದೆ ಹೋಗಿದ್ದೆ" ಅಂದರು. ಹದಿನಾಲ್ಕು ತಿಂಗಳು ಈ ಮಾತನ್ನು ಹೊಟ್ಟೆಯೊಳಗೇ ಇಟ್ಟುಕೊಂಡಿದ್ದರು. ಆವತ್ತು ಅತ್ತರು. ಅಣ್ಣನೂ ಅತ್ತ.

ಮನೋವೈದ್ಯರು ಖಿನ್ನತೆ ಅಂದರು. ಬಿ12 ಕೂಡ ಕಡಿಮೆ ಇತ್ತು, ಇಂಜೆಕ್ಷನ್ ಕೊಟ್ಟರು. ಖಿನ್ನತೆಗೆ ಕೊಟ್ಟ ಮಾತ್ರೆ ಕೆಲಸ ಮಾಡುವುದಕ್ಕೆ ನಾಲ್ಕರಿಂದ ಆರು ವಾರ ಬೇಕು ಅಂತ ಮೊದಲೇ ಹೇಳಿದ್ದರು. ಆದರೂ ಮೂರನೇ ವಾರ ಅಣ್ಣ ನಿಲ್ಲಿಸೋಣ ಅಂದ. ಬೇಡ ಅಂತ ಜಗಳವಾಡಿದೆ. ಅಪ್ಪ ಬಿಪಿಗೆ ನೀರು ಹೋಗುವ ಮಾತ್ರೆ ತಗೊಳ್ಳುತ್ತಾರೆ. ಅದರ ಜೊತೆ ಇದೂ ಸೇರಿದರೆ ಸೋಡಿಯಂ ಇಳಿಯಬಹುದು ಅಂತ ಎರಡು ವಾರಕ್ಕೆ ಮತ್ತೆ ರಕ್ತ ನೋಡಿದರು. ಸರಿಯಿತ್ತು.

ಈಗ ಐದರ ತನಕ ಮಲಗುತ್ತಾರೆ. ವಾರ, ತಾರೀಕು ಕೇಳಿದರೆ ಹೇಳುತ್ತಾರೆ, ಕೆಲವು ಸಲ ತಪ್ಪುತ್ತದೆ. ನೆನಪಿನ ಪರೀಕ್ಷೆ ಆರು ತಿಂಗಳ ಮೇಲೆ ಮತ್ತೆ ಮಾಡುತ್ತಾರಂತೆ. ಅಮ್ಮನ ಫೋಟೋ ಮುಂದೆ ದಿನಾ ಒಂದು ಲೋಟ ನೀರು ಇಡುತ್ತಾರೆ. ನಾವು ಯಾರೂ ಬೇಡ ಅನ್ನುವುದಿಲ್ಲ.

ಹೋದ ಭಾನುವಾರ ಅಣ್ಣ ಅಟ್ಟದಿಂದ ಕಾಯಿ ಇಳಿಸುತ್ತಿದ್ದ. ಅಪ್ಪ ಜಗಲಿಯಿಂದ ಎದ್ದು ಹೋಗಿ ಒಂದನ್ನು ತಗೊಂಡು ಕಿವಿ ಹತ್ತಿರ ಹಿಡಿದರು. ಅಲ್ಲಾಡಿಸಿದರು. "ಇನ್ನೂ ಎರಡು ತಿಂಗಳು ಬೇಕು, ವಾಪಸ್ ಹಾಕೋ" ಅಂದರು.